ಜಾಮ್‌ನಲ್ಲಿ ಗೇರ್ ಗಟ್ಟಿ, ಎಂಜಿನ್ ಆಫ್ ಮಾಡಿದ್ರೆ ಸಲೀಸು: ಗೇರ್‌ಬಾಕ್ಸ್ ಬಿಚ್ಚಿಸ್ಲೇಬೇಕಾ?

ಪ್ರಶ್ನೆ: ನಮಸ್ಕಾರ. ನಾವಿರೋದು ಠಾಣೆಯ ಘೋಡ್‌ಬಂದರ್ ರೋಡಲ್ಲಿ, ನನ್ನ ಆಫೀಸು ಪವಾಯಿ. ಗಾಡಿ 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನ್ಯುಯಲ್, ಹೈಡ್ರಾಲಿಕ್ ಕ್ಲಚ್, 68 ಸಾವಿರ ಕಿಲೋಮೀಟರ್ ಓಡಿದೆ. ಬೆಳಿಗ್ಗೆ ಗೇರ್ ಎಲ್ಲಾ ಆರಾಮಾಗಿ ಬೀಳತ್ತೆ. ಸಂಜೆ ಜಾಮ್‌ನಲ್ಲಿ ಮುಕ್ಕಾಲು ಗಂಟೆ ಕಳೆದ್ಮೇಲೆ ಫಸ್ಟ್ ಹೋಗೋದೇ ಇಲ್ಲ, ರಿವರ್ಸ್ ಹಾಕೋಕ್ಹೋದ್ರೆ ಕರ್ರ್ ಅನ್ನತ್ತೆ. ಹಿಂದಿನೋರು ಹಾರ್ನ್ ಹೊಡೀತಾ ಇರ್ತಾರೆ, ಆಗ ಎಂಜಿನ್ ಆಫ್ ಮಾಡಿ ಫಸ್ಟ್ ಹಾಕಿದ್ರೆ ಸಲೀಸಾಗಿ ಬೀಳತ್ತೆ, ಹಾಗೇ ಕ್ಲಚ್ ಒತ್ತಿ ಸ್ಟಾರ್ಟ್ ಮಾಡಿದ್ರೆ ಗಾಡಿ ಒಂಚೂರು ಮುಂದಕ್ಕೆ ಜಗ್ಗತ್ತೆ. ಸರ್ವಿಸ್ ಸೆಂಟರ್‌ನಲ್ಲಿ ಗೇರ್‌ಬಾಕ್ಸ್ ಓವರ್‌ಹಾಲ್ ಅಂತ 42 ಸಾವಿರದ ಎಸ್ಟಿಮೇಟ್ ಕೊಟ್ರು, ಜೊತೆಗೆ "ಮೇಡಂ ನೀವು ಕ್ಲಚ್ ಪೂರ್ತಿ ಒತ್ತಲ್ಲ ಅನ್ಸತ್ತೆ" ಅಂತ ಒಂದು ಮಾತು. ಬಿಲ್ಡಿಂಗ್ ಹತ್ರದ ಮೆಕ್ಯಾನಿಕ್ ದಪ್ಪ ಗೇರ್ ಆಯಿಲ್ ಹಾಕಿದ್ರೆ ಸರಿ ಹೋಗತ್ತೆ ಅಂತಾನೆ. ನಮ್ಮ ಮಾವ ಎಲ್ಲದಕ್ಕೂ ನಾನು ಪೆಡಲ್ ಅರ್ಧ ಒತ್ತಿ ಹಿಡಿದು ಓಡಿಸೋ ಹಾಫ್ ಕ್ಲಚ್ಚೇ ಕಾರಣ ಅಂತಾರೆ. ಹೋದ ಜುಲೈನಲ್ಲಿ ಒಂದ್ಸಲ ಬಂಪರ್ ಮಟ್ಟದ ನೀರಲ್ಲಿ ಗಾಡಿ ಓಡಿಸಿದ್ದೆ, ಅದಕ್ಕೂ ಇದಕ್ಕೂ ಸಂಬಂಧ ಇದ್ಯಾ? ಮೇ ತಿಂಗಳಲ್ಲಿ ಕುಂದಾಪುರದಲ್ಲಿ ಮದುವೆ ಇದೆ, ಕೊಲ್ಹಾಪುರ, ಅಂಬೋಲಿ ಘಾಟಿ ದಾರೀಲಿ ಮಕ್ಕಳ ಜೊತೆ ಹೋಗೋದು. ಏನ್ ಮಾಡ್ಲಿ?

ಉತ್ತರ: ನೀವು ಕೇಳಿರೋದ್ರಲ್ಲಿ ಮೂರು ಪ್ರಶ್ನೆ ಇದೆ ಅಂದ್ಕೊಳ್ತೀನಿ. 42 ಸಾವಿರ ಹಾಕ್ಬೇಕಾ, ಹಾಕಿದ್ರೂ ಸರಿ ಹೋಗತ್ತಾ, ಹಾಕ್ದೇ ಇದ್ರೆ ಘಾಟಿಲಿ ಮಕ್ಕಳ ಸಮೇತ ಸಿಕ್ಕಿಹಾಕ್ಕೊಳ್ತೀವಾ ಅಂತ. ಪುಣೆ ಭೋಸರಿಲಿ ನಂದೊಂದು ಗ್ಯಾರೇಜಿದೆ, ಕ್ಲಚ್ಚು ಗೇರ್‌ಬಾಕ್ಸ್ ಕೆಲಸಾನೇ ಜಾಸ್ತಿ. ಇದೇ ತರದ ದೂರು, ಇದೇ ತರದ ಎಸ್ಟಿಮೇಟ್ ಕಾಗದ ಕೈಲಿ ಹಿಡ್ಕೊಂಡು ಬರೋರು ಸುಮಾರು ಜನ. ಗಾಡಿ ನೋಡ್ದೇ ತೀರ್ಪು ಕೊಡ್ಬಾರ್ದು, ಆದ್ರೂ ನೀವು ಬರೆದಿರೋದನ್ನ ಓದಿದ್ರೆ ನನಗೆ ಗೇರ್‌ಬಾಕ್ಸ್ ಮೇಲೆ ಅನುಮಾನ ಕಮ್ಮಿ, ಕ್ಲಚ್ ಮೇಲೆ ಜಾಸ್ತಿ. ಕ್ಲಚ್ ಪ್ಲೇಟ್ ಸವೆದಿದೆ ಅಂತ ಹೇಳ್ತಿಲ್ಲ, ಅದು ಬೇರೆ. ನೀವು ಪೆಡಲ್ ಒತ್ತಿದಾಗ ಕ್ಲಚ್ ಪೂರ್ತಿ ಬಿಡ್ತಾ ಇಲ್ಲ. ಗ್ಯಾರೇಜಲ್ಲಿ ಇದಕ್ಕೆ ಕ್ಲಚ್ ಡ್ರ್ಯಾಗ್ ಅಂತೀವಿ.

ಇದನ್ನ ಹೇಳೋಕೆ ಕಾರಣ ನಿಮ್ಮ ಪತ್ರದ ಎರಡು ವಾಕ್ಯ. ಎಂಜಿನ್ ಆಫ್ ಮಾಡಿದ್ರೆ ಗೇರ್ ಸಲೀಸಾಗಿ ಬೀಳತ್ತೆ ಅನ್ನೋದು ಒಂದು. ಗೇರ್ ಹಾಕಿ, ಕ್ಲಚ್ ಒತ್ತಿ ಸ್ಟಾರ್ಟ್ ಮಾಡಿದ್ರೆ ಗಾಡಿ ಮುಂದಕ್ಕೆ ಜಗ್ಗತ್ತೆ ಅನ್ನೋದು ಇನ್ನೊಂದು, ಇದನ್ನ ನೀವು ಮಾತಿನ ಮಧ್ಯೆ ಸುಮ್ನೆ ಹೇಳ್ಬಿಟ್ಟಿದ್ದೀರಿ, ಆದ್ರೆ ನನ್ ಪ್ರಕಾರ ಇಡೀ ಪತ್ರದಲ್ಲಿ ಮುಖ್ಯವಾದ ಮಾತೇ ಅದು. ಕ್ಲಚ್ ಪೂರ್ತಿ ಒತ್ತಿದೆ ಅಂದ್ಮೇಲೆ ಎಂಜಿನ್‌ಗೂ ಚಕ್ರಕ್ಕೂ ಸಂಬಂಧಾನೇ ಇರ್ಬಾರ್ದು. ಆಗ ಸ್ಟಾರ್ಟರ್ ತಿರುಗಿದ್ರೆ ಗಾಡಿ ಯಾಕೆ ಜಗ್ಗಬೇಕು? ಸಂಬಂಧ ಪೂರ್ತಿ ಕಡಿದಿಲ್ಲ ಅಂತ್ಲೇ ಅರ್ಥ. (ಜಾಮ್‌ನಲ್ಲಿ ಹಾಗೆ ಸ್ಟಾರ್ಟ್ ಮಾಡೋದನ್ನ ದಯವಿಟ್ಟು ನಿಲ್ಸಿ, ಮುಂದೆ ಬೈಕಿನವನು ಒಂದಡಿ ದೂರದಲ್ಲಿ ನಿಂತಿರ್ತಾನೆ. ಮಾಡ್ಲೇಬೇಕಾಗಿ ಬಂದ್ರೆ ಬ್ರೇಕ್ ಗಟ್ಟಿಯಾಗಿ ಒತ್ತಿಹಿಡಿದು ಮಾಡಿ.)

ಒಳಗೆ ಏನಾಗತ್ತೆ ಅಂತ ಸ್ವಲ್ಪ ಹೇಳ್ತೀನಿ, ಇಲ್ಲಾಂದ್ರೆ ಮುಂದಿನ ಟೆಸ್ಟ್‌ಗಳು ಯಾಕೆ ಅಂತ ಗೊತ್ತಾಗಲ್ಲ. ಎಂಜಿನ್ ಐಡ್ಲಿಂಗ್‌ನಲ್ಲೂ ನಿಮಿಷಕ್ಕೆ ಹತ್ರಹತ್ರ 700-800 ಸುತ್ತು ತಿರುಗ್ತಾ ಇರತ್ತೆ. ಕ್ಲಚ್ ಪೆಡಲ್ ಮೇಲಿಂದ ಕಾಲು ತೆಗೆದಿರೋವಾಗ ಅದರ ಜೊತೆ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟೂ ತಿರುಗತ್ತೆ. ನೀವು ಸಿಗ್ನಲ್‌ನಲ್ಲಿ ನಿಂತಿದ್ರೆ ಚಕ್ರದ ಕಡೆ ಶಾಫ್ಟು ನಿಂತಿರತ್ತೆ. ಫಸ್ಟ್ ಬೀಳ್ಬೇಕು ಅಂದ್ರೆ ಎರಡೂ ಒಂದೇ ಸ್ಪೀಡಿಗೆ ಬರ್ಬೇಕು, ಆ ಕೆಲಸ ಮಾಡೋದು ಸಿಂಕ್ರೊನೈಸರ್ ರಿಂಗ್, ಸಾಮಾನ್ಯವಾಗಿ ಹಿತ್ತಾಳೆ ಜಾತಿಯ ಲೋಹದ್ದು. ಚಲಿಸೋ ಲೋಕಲ್ ಹತ್ತೋರು ಪ್ಲಾಟ್‌ಫಾರ್ಮ್ ಮೇಲೆ ನಾಲ್ಕು ಹೆಜ್ಜೆ ಓಡಿ ಟ್ರೇನ್ ಸ್ಪೀಡಿಗೆ ಬಂದು ಆಮೇಲೆ ಕಂಬಿ ಹಿಡೀತಾರಲ್ಲ, ಆ ನಾಲ್ಕು ಹೆಜ್ಜೆಯೇ ಸಿಂಕ್ರೊ. ಕ್ಲಚ್ ಒತ್ತಿದಾಗ ಇನ್‌ಪುಟ್ ಶಾಫ್ಟೂ ಕ್ಲಚ್ ಪ್ಲೇಟೂ ಎಂಜಿನ್‌ನಿಂದ ಬಿಟ್ಕೊಂಡು ಹಗುರಾಗತ್ತೆ, ಆ ಚಿಕ್ಕ ರಿಂಗ್ ಅದನ್ನ ಆರಾಮಾಗಿ ನಿಲ್ಸತ್ತೆ. ಕ್ಲಚ್ ಪೂರ್ತಿ ಬಿಡ್ಲಿಲ್ಲ ಅಂದ್ರೆ ಆ ರಿಂಗ್ ಇಡೀ ಎಂಜಿನ್ ಜೊತೆ ಗುದ್ದಾಡ್ಬೇಕು. ನಿಮ್ಮ ಕೈಗೆ ಗಟ್ಟಿ ಅನ್ಸೋದು ಅದು. ರಿವರ್ಸ್‌ಗೆ ಬಹಳಷ್ಟು ಗಾಡೀಲಿ ಸಿಂಕ್ರೊನೇ ಇರಲ್ಲ, ಹಲ್ಲಿಗೆ ಹಲ್ಲು ನೇರ ಹೋಗಿ ಕೂರ್ಬೇಕು, ಅದಕ್ಕೇ ಅಲ್ಲಿ ಗಟ್ಟಿ ಅನ್ಸೋ ಬದ್ಲು ಕರ್ರ್ ಅನ್ನತ್ತೆ. ಎಂಜಿನ್ ಆಫ್ ಮಾಡಿದ್ರೆ ತಿರುಗೋದೇ ಏನೂ ಇಲ್ಲ, ಗುದ್ದಾಟಾನೇ ಇಲ್ಲ, ಬೆಣ್ಣೆ ಹಾಗೆ ಬಿದ್ಬಿಡತ್ತೆ.

ಗೇರ್‌ಬಾಕ್ಸ್ ಒಳಗೇ ತೊಂದ್ರೆ ಇದ್ದಿದ್ರೆ ಲಕ್ಷಣ ಬೇರೆ ಇರ್ತಿತ್ತು. ಸಿಂಕ್ರೊ ಸವೆದಿದ್ರೆ ಸಾಮಾನ್ಯವಾಗಿ ಒಂದೇ ಗೇರ್ ತಕರಾರು ಮಾಡತ್ತೆ, ಅದೂ ಹೆಚ್ಚಾಗಿ ಸೆಕೆಂಡ್, ಅದನ್ನ ದಿನಕ್ಕೆ ನೂರಾರು ಸಲ ಹಾಕ್ತೀವಿ ಅಲ್ವಾ. ಬೇಗ ಹಾಕಿದ್ರೆ ಕರ್ರ್, ನಿಧಾನಕ್ಕೆ ಹಾಕಿದ್ರೆ ಸುಮ್ನೆ ಬೀಳತ್ತೆ, ಬೆಳಿಗ್ಗೆ ಸಂಜೆ ಅಂತ ವ್ಯತ್ಯಾಸ ಜಾಸ್ತಿ ಇರಲ್ಲ. ಗೇರ್ ಲಿವರ್‌ನಿಂದ ಹೋಗೋ ಕೇಬಲ್ ಹಿಡ್ಕೊಂಡಿದ್ರೆ ಎಂಜಿನ್ ಆಫ್ ಇದ್ರೂ ಆನ್ ಇದ್ರೂ ಎಲ್ಲಾ ಗೇರೂ ಗಟ್ಟಿ. ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರ ಗಟ್ಟಿ, ಹತ್ತು ನಿಮಿಷ ಓಡಿದ್ಮೇಲೆ ಸರಿ ಅಂದ್ರೆ ಆಯಿಲ್ ಕಡೆ ನೋಡ್ಬೇಕು. ನಿಮ್ಮದು ಪೂರ್ತಿ ಉಲ್ಟಾ.

ಸರ್ವಿಸ್ ಸೆಂಟರ್‌ನವರು ಇದನ್ನ ಯಾಕೆ ಹಿಡೀಲಿಲ್ಲ? ನನ್ನ ಊಹೆ: ನೀವು ಗಾಡಿ ಸಂಜೆ ಬಿಟ್ರೋ ಬೆಳಿಗ್ಗೆ ಬಿಟ್ರೋ, ಅವರು ಓಡಿಸಿ ನೋಡಿದ್ದು ಮಾತ್ರ ಬೆಳಿಗ್ಗೆ, ತಣ್ಣಗಿರೋ ಗಾಡೀನ, ಖಾಲಿ ರೋಡಲ್ಲಿ ಎರಡು ಸುತ್ತು. ಆಗ ಏನೂ ಕಾಣಲ್ಲ. ಏನೂ ಕಾಣ್ದೇ ಇದ್ದಾಗ ಗಿರಾಕಿ ಹೇಳಿದ "ಗೇರ್ ಗಟ್ಟಿ" ಅನ್ನೋ ಎರಡು ಮಾತನ್ನ ಬರ್ಕೊಂಡು, ಗೇರ್ ಅಂದ್ರೆ ಗೇರ್‌ಬಾಕ್ಸ್ ಅಂತ ಎಸ್ಟಿಮೇಟ್ ಮಾಡ್ತಾರೆ. ಮುಂದಿನ ಸಲ ಸಂಜೆ ಜಾಮ್ ಮುಗಿಸಿಕೊಂಡು ನೇರ ಗ್ಯಾರೇಜಿಗೆ ಹೋಗಿ, ಎಂಜಿನ್ ಆಫ್ ಮಾಡ್ಬೇಡಿ, ಮೆಕ್ಯಾನಿಕ್‌ನ ಡ್ರೈವರ್ ಸೀಟಲ್ಲಿ ಕೂರಿಸಿ "ಈಗ ರಿವರ್ಸ್ ಹಾಕಿ ನೋಡಿ ಭಾವು" ಅನ್ನಿ. ಅರ್ಧ ಚರ್ಚೆ ಅಲ್ಲೇ ಮುಗಿಯತ್ತೆ.

ಈಗ ನೀವೇ ಮನೇಲಿ ಮಾಡ್ಬಹುದಾದ ಟೆಸ್ಟ್‌ಗಳು, ಪಾನಾ ಸ್ಕ್ರೂಡ್ರೈವರ್ ಏನೂ ಬೇಡ.

ಮೊದಲು ಕಾಲಡಿ ನೋಡಿ. ತಮಾಷೆ ಅಲ್ಲ. ಆಕ್ಸೆಸರಿ ಅಂಗಡಿಗಳಲ್ಲಿ 7ಡಿ ಮ್ಯಾಟ್ ಅಂತ ಮಾರ್ತಾರಲ್ಲ, ಲೆದರ್ ತರ ಇರೋ ದಪ್ಪದ್ದು, ಅದರ ಮೇಲೆ ಮತ್ತೆ ಮಳೆಗಾಲಕ್ಕೆ ಅಂತ ಒಂದು ರಬ್ಬರ್ ಮ್ಯಾಟ್ ಹಾಕಿರ್ತಾರೆ. ಪೆಡಲ್ ಕೆಳಗೆ ಎರಡು ಬೆರಳು ದಪ್ಪ ತುಂಬಿಕೊಂಡ್ಬಿಟ್ರೆ ಪೆಡಲ್ ನೆಲ ಮುಟ್ಟೋ ಮೊದಲೇ ಮ್ಯಾಟ್ ಮುಟ್ಟತ್ತೆ. ಕ್ಲಚ್ ಬಿಡೋಕೆ ಬೇಕಾಗಿರೋದು ಕೊನೇ ಆ ಸ್ವಲ್ಪ ದೂರಾನೇ. ಸರ್ವಿಸ್ ಸೆಂಟರ್‌ನವನು "ಮೇಡಂ ನೀವು ಪೂರ್ತಿ ಒತ್ತಲ್ಲ" ಅಂದಿದ್ದು ಹೇಳಿದ ರೀತಿ ಸರಿ ಇಲ್ಲ, ಹೆಂಗಸರು ಗಾಡಿ ತಂದ್ರೆ ಕೆಲವರಿಗೆ ಆ ಮಾತು ಬಾಯಿ ತುದೀಲೇ ಇರತ್ತೆ, ಗಂಡಸು ತಂದಿದ್ರೆ ಅಂತಿರ್ಲಿಲ್ಲ. ಆದ್ರೆ ಪೆಡಲ್ ಪೂರ್ತಿ ಕೆಳಗೆ ಹೋಗ್ತಿದ್ಯಾ ಅನ್ನೋದು ಯಾರ ಗಾಡಿ ಆದ್ರೂ ನೋಡ್ಲೇಬೇಕಾದ್ದು. ಮ್ಯಾಟ್ ಎಲ್ಲಾ ತೆಗೆದು, ಸೀಟು ಒಂದು ಹಲ್ಲು ಮುಂದೆ ತಂದು, ಎರಡು ದಿನ ಓಡಿಸಿ ನೋಡಿ. ಇಷ್ಟಕ್ಕೇ ಸರಿ ಹೋಗಿರೋ ಗಾಡಿ ನೋಡಿದ್ದೀನಿ. ನಿಮ್ಮದು ಬೆಳಿಗ್ಗೆ ಸರಿ ಇದ್ದು ಸಂಜೆ ಕೆಡೋದ್ರಿಂದ ಮ್ಯಾಟ್ ಒಂದೇ ಕಾರಣ ಇರಲಿಕ್ಕಿಲ್ಲ, ಆದ್ರೆ ಅಂಚಿನಲ್ಲಿರೋ ಕ್ಲಚ್ಚನ್ನ ಆಚೆ ತಳ್ಳೋಕೆ ಅದೂ ಸಾಕು.

ಆಮೇಲೆ, ಗಾಡಿ ಬಿಸಿಯಾಗಿ ಗೇರ್ ಗಟ್ಟಿ ಆದಾಗ, ಕ್ಲಚ್ ಪೆಡಲ್‌ನ ಬೇಗ ಬೇಗ ಮೂರು ನಾಲ್ಕು ಸಲ ಒತ್ತಿ ಬಿಟ್ಟು ಮಾಡಿ, ಐದನೇ ಸಲ ಒತ್ತಿ ಹಿಡಿದು ಫಸ್ಟ್ ಹಾಕಿ. ಈಗ ಸಲೀಸಾಗಿ ಬಿತ್ತು ಅಂದ್ರೆ ಕಳ್ಳ ಸಿಕ್ಕಿಬಿದ್ದ ಹಾಗೇ, ಪೆಡಲ್ ಒತ್ತಡವನ್ನ ಕ್ಲಚ್ಚಿಗೆ ಮುಟ್ಟಿಸೋ ಫ್ಲೂಯಿಡ್ ಪೈಪಲ್ಲಿ, ಅಂದ್ರೆ ಹೈಡ್ರಾಲಿಕ್ ಲೈನಲ್ಲಿ, ಗಾಳಿ ಇದೆ, ಇಲ್ಲಾ ಸೀಲ್ ಸೋರ್ತಿದೆ.

ಇನ್ನೊಂದು ಟೆಸ್ಟ್ ಸಮತಟ್ಟಾದ ಖಾಲಿ ಜಾಗದಲ್ಲಿ, ಮುಂದೆ ಹಿಂದೆ ಯಾರೂ ಇರ್ಬಾರ್ದು, ಸೊಸೈಟಿ ಪಾರ್ಕಿಂಗ್‌ನಲ್ಲಿ ಗೋಡೆ ಎದುರು ಖಂಡಿತ ಬೇಡ. ಎಂಜಿನ್ ಆನ್, ಫಸ್ಟ್ ಹಾಕಿ, ಕ್ಲಚ್ ಪೂರ್ತಿ ಒತ್ತಿ ಹಿಡಿದು, ಬ್ರೇಕ್‌ನಿಂದ ಕಾಲು ತೆಗೆದು ಬ್ರೇಕ್ ಪಕ್ಕದಲ್ಲೇ ಇಟ್ಕೊಂಡು ಅರ್ಧ ನಿಮಿಷ ಕಾಯಿರಿ. ಮೊದಲು ನಿಂತಿದ್ದ ಗಾಡಿ ಹದಿನೈದು ಇಪ್ಪತ್ತು ಸೆಕೆಂಡ್ ಆದ್ಮೇಲೆ ತಾನಾಗೇ ಮೆಲ್ಲಗೆ ಮುಂದೆ ಹರೀತು ಅಂದ್ರೆ ಪೆಡಲ್ ಒತ್ತಿದಾಗ ಫ್ಲೂಯಿಡ್ ತಳ್ಳೋ ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ಪ್ರೆಶರ್ ಹಿಡೀತಿಲ್ಲ, ಫ್ಲೂಯಿಡ್ ಸೀಲ್ ದಾಟಿ ವಾಪಸ್ ಬಾನೆಟ್ ಕೆಳಗಿನ ಫ್ಲೂಯಿಡ್ ಡಬ್ಬಿಗೆ ಹೋಗ್ತಿದೆ. ಇದರಲ್ಲಿ ಹೊರಗೆ ಒಂದು ಹನಿ ಸೋರಿಕೆಯೂ ಕಾಣಲ್ಲ, ಲೆವೆಲ್ಲೂ ಇಳಿಯಲ್ಲ, ಅದಕ್ಕೇ ಎಷ್ಟೋ ಮೆಕ್ಯಾನಿಕ್‌ಗಳು ಇದನ್ನ ಬಿಟ್ಟು ಬೇರೆಲ್ಲಾ ಬದಲಾಯಿಸ್ತಾರೆ. ಬಿಸಿಗೆ ಫ್ಲೂಯಿಡ್ ತೆಳುವಾಗತ್ತೆ, ಸವೆದ ಸೀಲ್ ತಣ್ಣಗಿದ್ದಾಗ ಹೇಗೋ ತಡ್ಕೊಂಡಿರತ್ತೆ, ಬಿಸಿಯಾದಾಗ ಬಿಟ್ಬಿಡತ್ತೆ. ನಿಮ್ಮ "ಬೆಳಿಗ್ಗೆ ಸರಿ, ಸಂಜೆ ಇಲ್ಲ" ಅನ್ನೋದಕ್ಕೆ ಇದು ಚೆನ್ನಾಗಿ ಹೊಂದತ್ತೆ.

ಕೊನೇದು, ಬಾನೆಟ್ ತೆಗೆದು ಬ್ರೇಕ್ ಫ್ಲೂಯಿಡ್ ಡಬ್ಬಿ ನೋಡಿ. ಬಹಳಷ್ಟು ಗಾಡೀಲಿ ಕ್ಲಚ್ಚಿಗೂ ಅದೇ ಡಬ್ಬಿ, ಪಕ್ಕದಿಂದ ಒಂದು ಪೈಪ್ ಕ್ಲಚ್ ಕಡೆ ಹೋಗಿರತ್ತೆ. ಲೆವೆಲ್ ಮಿನಿಮಮ್ ಗೆರೆ ಹತ್ರ ಇದ್ಯಾ, ಬಣ್ಣ ತಿಳಿ ಹಳದಿ ಇದ್ಯಾ ಇಲ್ಲಾ ಕರಿ ಚಹಾ ತರ ಆಗಿದ್ಯಾ? ಮೊಬೈಲ್ ಟಾರ್ಚ್ ಹಿಡಿದು ಕ್ಲಚ್ ಪೆಡಲ್ ಮೇಲ್ಗಡೆ, ರಾಡು ಗೋಡೆ ಒಳಗೆ ಹೋಗೋ ಜಾಗ ಬೆರಳಲ್ಲಿ ಮುಟ್ಟಿ ನೋಡಿ, ಒದ್ದೆ ಇದ್ರೆ ಮಾಸ್ಟರ್ ಸಿಲಿಂಡರ್ ಹೊರಗೆ ಸೋರ್ತಿದೆ. ಗೇರ್‌ಬಾಕ್ಸ್ ಮೇಲೆ ಕೂತು ಫ್ಲೂಯಿಡ್ ಒತ್ತಡಕ್ಕೆ ಕ್ಲಚ್ ಬಿಡಿಸೋ ಸ್ಲೇವ್ ಸಿಲಿಂಡರ್‌ನ ರಬ್ಬರ್ ಬೂಟ್ ಒದ್ದೆ ಇದ್ರೆ ಸ್ಲೇವ್ ಹೋಗಿದೆ. ಎರಡೂ ಒಣಗಿದ್ದು ಲೆವೆಲ್ ಮಾತ್ರ ಇಳೀತಾ ಇದ್ರೆ ಗಾಡಿ ಕೆಳಗೆ, ಎಂಜಿನ್ನೂ ಗೇರ್‌ಬಾಕ್ಸೂ ಸೇರೋ ಜಾಗದಲ್ಲಿ ಹನಿ ಹುಡುಕ್ಬೇಕು, ಕೆಲವು ಗಾಡಿಗಳಲ್ಲಿ ಸ್ಲೇವ್ ಒಳಗೇ, ಶಾಫ್ಟ್ ಸುತ್ತ ಕೂತಿರತ್ತೆ.

ಕ್ಲಚ್ ಫ್ಲೂಯಿಡ್ ಅಂದ್ರೆ ಬ್ರೇಕ್ ಫ್ಲೂಯಿಡ್ಡೇ, ಡಾಟ್ 3 ಅಥವಾ ಡಾಟ್ 4, ಡಬ್ಬಿ ಮುಚ್ಚಳದ ಮೇಲೆ ಬರೆದಿರತ್ತೆ. ಇದು ಗಾಳಿಯ ತೇವ ಹೀರ್ಕೊಳ್ಳೋ ದ್ರವ. ಹೊಸ ಡಾಟ್ 3ರ ಕುದಿಯೋ ಬಿಂದು ಕನಿಷ್ಠ 205 ಡಿಗ್ರಿ ಇರ್ಬೇಕು, ತೇವ ಹೀರಿದ್ಮೇಲೆ ಅದಕ್ಕಿರೋ ಲೆಕ್ಕ 140 ಡಿಗ್ರಿ. ಡಾಟ್ 4ಕ್ಕೆ 230 ಮತ್ತು 155. ಕುದಿಯೋದಕ್ಕಿಂತ ಹೆಚ್ಚಾಗಿ ನಮ್ಮ ಕಡೆ ನಾನು ನೋಡೋದು ಏನಂದ್ರೆ, ಆ ತೇವದಿಂದ ಸಿಲಿಂಡರ್ ಒಳಗೆ ತುಕ್ಕು ಹಿಡಿದು, ಗೀರು ಬಿದ್ದು, ಅದರ ಮೇಲೆ ಸೀಲ್ ಓಡಾಡಿ ಓಡಾಡಿ ಹರಿದುಹೋಗೋದು. ಮುಂಬೈ, ಠಾಣೆ, ಗೋವಾ ಗಾಡಿಗಳು ಬಂದ್ರೆ ಫ್ಲೂಯಿಡ್ ಬಣ್ಣ ನೋಡೇ ಹೇಳ್ಬಹುದು ಸಮುದ್ರದ ಕಡೆಯದ್ದು ಅಂತ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಬಹಳಷ್ಟು ಮ್ಯಾನ್ಯುಯಲ್‌ಗಳಲ್ಲಿ ಇರತ್ತೆ. ಬ್ರೇಕ್‌ಗೆ ಬದಲಾಯಿಸ್ತಾರೆ, ಕ್ಲಚ್ ಲೈನ್ ಮರ್ತು ಬಿಡ್ತಾರೆ. ನಿಮ್ಮದು 2017ರಿಂದ ಒಂದ್ಸಲವೂ ಬದಲಾಗಿಲ್ಲ ಅಂದ್ರೆ ನನಗೆ ಆಶ್ಚರ್ಯ ಇಲ್ಲ, ಹಳೇ ಬಿಲ್‌ಗಳನ್ನ ತೆಗೆದು ನೋಡಿ.

ಹಾಗಾಗಿ ಖರ್ಚಿನ ದಾರಿ ಹೀಗೆ ಹೋಗ್ಬೇಕು, ಚಿಕ್ಕದರಿಂದ ದೊಡ್ಡದಕ್ಕೆ. ಮೊದಲು ಕ್ಲಚ್ ಲೈನ್ ಬ್ಲೀಡ್ ಮಾಡಿ, ಅಂದ್ರೆ ಒಳಗಿನ ಗಾಳಿ, ಹಳೇ ಫ್ಲೂಯಿಡ್ ಹೊರಗೆ ತೆಗೆದು, ಹೊಸ ಫ್ಲೂಯಿಡ್, ಒಬ್ಬ ಪೆಡಲ್ ಒತ್ತೋದು ಇನ್ನೊಬ್ಬ ಕೆಳಗೆ ನಿಪ್ಪಲ್ ಬಿಡೋದು, ಅರ್ಧ ಗಂಟೆ ಕೆಲಸ, ಕೆಲವು ನೂರು ರೂಪಾಯಿ. ಇದರಿಂದ ಸರಿ ಹೋಗಿ ಒಂದೆರಡು ವಾರದಲ್ಲಿ ಮತ್ತೆ ಶುರು ಆದ್ರೆ ಗಾಳಿ ಎಲ್ಲಿಂದಲೋ ಬರ್ತಿದೆ ಅಂತ, ಆಗ ಸ್ಲೇವ್ ಅಥವಾ ಮಾಸ್ಟರ್ ಬದಲಾಯಿಸ್ಬೇಕು. ಮೇಲಿನ ಅರ್ಧ ನಿಮಿಷದ ಟೆಸ್ಟ್‌ನಲ್ಲಿ ಗಾಡಿ ಹರಿದ್ರೆ ನಾನಂತೂ ನೇರ ಮಾಸ್ಟರ್‌ಗೇ ಹೋಗ್ತೀನಿ. ಹೊರಗಿರೋ ಸ್ಲೇವ್, ಮಾಸ್ಟರ್ ಎರಡೂ ಸೇರಿ ಲೇಬರ್ ಸಮೇತ ಇಂಥ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ಗೆ ಕೆಲವು ಸಾವಿರದಲ್ಲಿ ಮುಗಿಯೋ ಕೆಲಸ. ಬರೀ ಸೀಲ್ ಕಿಟ್ ಹಾಕಿ ಕೊಡ್ತೀನಿ ಅನ್ನೋರಿದ್ದಾರೆ, ಸಿಲಿಂಡರ್ ಒಳಗೆ ಗೀರು ಬಿದ್ದಿದ್ರೆ ಆ ಕಿಟ್ ಒಂದು ಮಳೆಗಾಲವೂ ಬರಲ್ಲ, ಹಾಗಾಗಿ ನಾನು ಪೂರ್ತಿ ಸಿಲಿಂಡರ್ರೇ ಹಾಕ್ತೀನಿ. ಕುರ್ಲಾ ಸಿಎಸ್‌ಟಿ ರೋಡಲ್ಲೋ ಇಲ್ಲಿ ನಾನಾ ಪೇಠ್‌ನಲ್ಲೋ ಅಗ್ಗಕ್ಕೆ ಸಿಗೋ ಎಲ್ಲವೂ ಕೆಟ್ಟದ್ದಲ್ಲ, ಆದ್ರೆ ರಬ್ಬರ್ ಸೀಲ್ ಇರೋ ಐಟಂ ಮಾತ್ರ ಕಂಪನಿ ಪ್ಯಾಕೆಟ್‌ದ್ದೇ ತಗೊಳ್ಳಿ, ಹಳೇ ಗಾಡಿಯಿಂದ ಬಿಚ್ಚಿದ್ದು ಬೇಡ.

ಇದೆಲ್ಲಾ ಸರಿ ಇದ್ದೂ ಕ್ಲಚ್ ಬಿಡ್ತಿಲ್ಲ ಅಂದ್ರೆ ಆಗ ತೊಂದ್ರೆ ಒಳಗೆ: ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಬೆರಳು ಸವೆದಿರೋದು, ರಿಲೀಸ್ ಬೇರಿಂಗ್ ಅಥವಾ ಫೋರ್ಕ್ ಸವೆದಿರೋದು, ಕ್ಲಚ್ ಪ್ಲೇಟ್ ಬಿಸಿಗೆ ಸೊಟ್ಟಗಾಗಿರೋದು, ಇಲ್ಲಾ ಪ್ಲೇಟಿನ ಮಧ್ಯದ ಹಲ್ಲುಗಳು ತುಕ್ಕು ಹಿಡಿದು ಶಾಫ್ಟ್ ಮೇಲೆ ಜಾರದೇ ಇರೋದು. ಇದಕ್ಕೆ ಗೇರ್‌ಬಾಕ್ಸ್ ಇಳಿಸ್ಲೇಬೇಕು. ಇಲ್ಲಿ ಒಂದು ಮಾತು ಗಮನ ಇಟ್ಟು ಕೇಳಿ. ಗೇರ್‌ಬಾಕ್ಸ್ ಇಳಿಸೋದೇ ಬೇರೆ, ಬಿಚ್ಚೋದೇ ಬೇರೆ. ಇಳಿಸೋದು ಅಂದ್ರೆ ಇಡೀ ಡಬ್ಬನ ಎಂಜಿನ್‌ನಿಂದ ಸರಿಸಿ, ಕ್ಲಚ್ ಕೆಲಸ ಮಾಡಿ, ಹಾಗೇ ವಾಪಸ್ ಏರಿಸೋದು, ಒಳಗಿನ ಒಂದು ಹಲ್ಲನ್ನೂ ಮುಟ್ಟಲ್ಲ. ಕ್ಲಚ್ ಸೆಟ್ ಮತ್ತು ಲೇಬರ್ ಸೇರಿ ಇದರ ಖರ್ಚು ನಿಮಗೆ ಕೊಟ್ಟಿರೋ 42 ಸಾವಿರಕ್ಕಿಂತ ಎಷ್ಟೋ ಕಮ್ಮಿ ಇರತ್ತೆ. ಬಿಚ್ಚೋದು ಅಂದ್ರೆ ಡಬ್ಬ ಒಡೆದು ಗೇರ್, ಸಿಂಕ್ರೊ, ಬೇರಿಂಗ್ ಎಲ್ಲಾ ಹೊರಗೆ ತೆಗೆದು ಜೋಡಿಸೋದು. ಎಸ್ಟಿಮೇಟ್‌ನಲ್ಲಿ ಯಾವುದು ಬರೆದಿದ್ದಾರೆ ಅಂತ ಸಾಲು ಸಾಲಾಗಿ ಕೇಳಿ. ಯಾವ ಟೆಸ್ಟ್ ಮಾಡಿ ಒಳಗೆ ತೊಂದ್ರೆ ಇದೆ ಅಂತ ಗೊತ್ತಾಯ್ತು ಅಂತ್ಲೂ ಕೇಳಿ, ಉತ್ತರ ತೇಲಿಸಿದ್ರೆ ಗಾಡಿ ವಾಪಸ್ ತನ್ನಿ. ಓವರ್‌ಹಾಲ್‌ನಲ್ಲಿ ಇನ್ನೊಂದು ರಿಸ್ಕ್, ಕೈ ಪಳಗದ ಕಡೆ ಒಂದ್ಸಲ ಬಿಚ್ಚಿದ ಗೇರ್‌ಬಾಕ್ಸ್ ಫ್ಯಾಕ್ಟರಿ ಜೋಡಣೆಯ ಹಾಗೆ ವಾಪಸ್ ಕೂರೋದು ಕಷ್ಟ, ಇಲ್ಲದ ಗುಂಯ್ ಶಬ್ದ ಶುರುವಾಗತ್ತೆ.

68 ಸಾವಿರ ಕಿಲೋಮೀಟರ್, ಅದೂ ಘೋಡ್‌ಬಂದರ್ ರೋಡಲ್ಲಿ, ಕ್ಲಚ್ ಪ್ಲೇಟಿಗೂ ವಯಸ್ಸಾಗಿರತ್ತೆ ನಿಜ. ಹಾಗಾಗಿ ಹೇಗಿದ್ರೂ ಗೇರ್‌ಬಾಕ್ಸ್ ಇಳಿಸೋ ಪ್ರಸಂಗ ಬಂದ್ರೆ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರೂ ಒಟ್ಟಿಗೆ ಹಾಕಿಸಿಬಿಡಿ, ಒಳಗೆ ಕೂರೋ ತರದ ಸ್ಲೇವ್ ಇದ್ರೆ ಅದನ್ನೂ, ಆರು ತಿಂಗಳಿಗೆ ಮತ್ತೆ ಅದೇ ಲೇಬರ್ ಕೊಡೋದು ಯಾಕೆ.

ಈಗ ನೀರಿನ ವಿಷಯ. ಬಂಪರ್ ಮಟ್ಟದ ನೀರು ಅಂದಿದ್ದೀರಿ, ಆ ಸಾಲನ್ನ ನಾನು ಹಗುರವಾಗಿ ತಗೊಳ್ಳಲ್ಲ. ಗೇರ್‌ಬಾಕ್ಸ್ ಮೇಲೆ ಬ್ರೀದರ್ ಅಂತ ಚಿಕ್ಕ ಗಾಳಿಕಂಡಿ ಇರತ್ತೆ. ಜಾಮ್‌ನಲ್ಲಿ ಬಿಸಿಯಾಗಿರೋ ಗೇರ್‌ಬಾಕ್ಸ್ ದಿಢೀರ್ ಅಂತ ತಣ್ಣನೆ ನೀರಲ್ಲಿ ಮುಳುಗಿದ್ರೆ ಒಳಗಿನ ಗಾಳಿ ಕುಗ್ಗಿ ಆ ಕಂಡಿಯಿಂದ ನೀರನ್ನೇ ಒಳಗೆ ಎಳ್ಕೊಳ್ಳತ್ತೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದ 2005ರ ಜುಲೈ 26 ಅಂತ ಪ್ರಳಯವೇ ಬರ್ಬೇಕಂತಿಲ್ಲ, ಹಿಂದ್‌ಮಾತಾ, ಮಿಲನ್ ಸಬ್‌ವೇ, ಅಂಧೇರಿ ಸಬ್‌ವೇ ಇವೆಲ್ಲಾ ಮುಂಬೈ ಮಳೇಲಿ ನೀರು ತುಂಬೋದಕ್ಕೆ ಹೆಸರಾದ ಜಾಗಗಳೇ. ನೀರು ಸೇರಿದ ಗೇರ್ ಆಯಿಲ್ ಹಾಲು ಬೆರೆಸಿದ ಹಾಗೆ ಬೆಳ್ಳಗೆ ಮಬ್ಬಾಗತ್ತೆ, ಬೇರಿಂಗ್ ತುಕ್ಕು ಹಿಡಿಯೋಕೆ ಶುರುವಾಗತ್ತೆ, ಇದು ನಿಜಕ್ಕೂ ಗೇರ್‌ಬಾಕ್ಸ್ ಕೆಡಿಸೋ ವಿಷಯ. ನಿಮ್ಮ ಈಗಿನ ಸಂಜೆ ತೊಂದ್ರೆಗೆ ಅದು ಕಾರಣ ಅಂತ ನನಗನ್ಸಲ್ಲ, ಆದ್ರೂ ಆಯಿಲ್ ಈ ವಾರವೇ ನೋಡಿಸಿ.

ನೋಡಿಸೋವಾಗ ನೀವು ಪಕ್ಕದಲ್ಲಿ ನಿಂತ್ಕೊಳ್ಳಿ. ಮೆಕ್ಯಾನಿಕ್‌ಗೆ ಮೊದಲು ಆಯಿಲ್ ತುಂಬೋ ಬೋಲ್ಟ್ ಬಿಚ್ಚೋಕೆ ಹೇಳಿ, ಆಮೇಲೆ ಕೆಳಗಿನ ಡ್ರೈನ್ ಬೋಲ್ಟ್. ಉಲ್ಟಾ ಮಾಡಿ, ಎಲ್ಲಾ ಆಯಿಲ್ ಸುರಿದ್ಮೇಲೆ ಮೇಲಿನ ಬೋಲ್ಟ್ ತುಕ್ಕು ಹಿಡಿದು ಬಿಚ್ಚದೇ ಹೋಗಿ, ಖಾಲಿ ಗೇರ್‌ಬಾಕ್ಸ್ ಗಾಡೀನ ಟೋ ಮಾಡಿಸ್ಕೊಂಡು ಬಂದೋರಿದ್ದಾರೆ. ಡ್ರೈನ್ ಬೋಲ್ಟ್ ತುದೀಲಿ ಅಯಸ್ಕಾಂತ ಇದ್ರೆ ಅದಕ್ಕೆ ಏನು ಅಂಟಿದೆ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಂದ್ರೆ ಸಹಜ ಸವೆತ, ಚಿಂತೆ ಬೇಡ. ಕೈಗೆ ಚುಚ್ಚೋ ಕಬ್ಬಿಣದ ಚೂರು ಸಿಕ್ಕಿದ್ರೆ ಹಲ್ಲೋ ಬೇರಿಂಗೋ ಒಡೀತಿದೆ. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟಲ್ಲ, ಹಾಗಾಗಿ ಟ್ರೇಲಿ ಬಿದ್ದ ಆಯಿಲನ್ನ ಬಿಸಿಲಿಗೆ ಹಿಡಿದು ಅಲ್ಲಾಡಿಸಿ, ಚಿನ್ನದ ಪುಡಿ ಹಾಗೆ ಮಿನುಗಿದ್ರೆ ಸಿಂಕ್ರೊ ರಿಂಗ್ ಸವೀತಿದೆ. ಹೀಗೆ ಚೂರು ಸಿಕ್ಕಿದ್ರೆ, ಅಥವಾ ತುಂಬಾ ಮಿನುಗ್ತಿದ್ರೆ, ಆಗ ಓವರ್‌ಹಾಲ್ ಮಾತಿಗೆ ನಾನೂ ಹೂಂ ಅಂತೀನಿ. ಆಯಿಲ್ ಬರೀ ಕಪ್ಪಗಿದ್ರೆ ಬದಲಾಯಿಸಿ ಮುಂದೆ ಹೋಗಿ. ಮಬ್ಬಾಗಿದ್ರೆ ಬದಲಾಯಿಸಿ, ಒಂದೆರಡು ದಿನ ಓಡಿಸಿ, ಮತ್ತೊಮ್ಮೆ ಬದಲಾಯಿಸಿ, ಒಂದೇ ಸಲಕ್ಕೆ ಒಳಗಿನ ನೀರೆಲ್ಲಾ ಬರಲ್ಲ.

ದಪ್ಪ ಆಯಿಲ್ ಹಾಕಿದ್ರೆ ಸರಿ ಹೋಗತ್ತೆ ಅನ್ನೋದು ಹಳೇ ಲಾರಿ ಕಾಲದ ನಂಬಿಕೆ. ಸಿಂಕ್ರೊ ಕೆಲಸ ಮಾಡೋದೇ ಎರಡು ಮೇಲ್ಮೈ ನಡುವಿನ ಆಯಿಲ್ ಪದರ ಕತ್ತರಿಸಿ ಹಿಡಿತ ತಗೊಂಡು, ಪದರ ದಪ್ಪ ಆದಷ್ಟೂ ಅದಕ್ಕೆ ಕಷ್ಟ, ಬೆಳಿಗ್ಗೆ ಸರಿಯಾಗಿ ಬೀಳ್ತಿರೋ ಗೇರೂ ಬೀಳ್ದೇ ಹೋಗತ್ತೆ. ಅದಕ್ಕಿಂತ ದೊಡ್ಡ ಅಪಾಯ ಜಿಎಲ್-4 ದರ್ಜೆಯ ಗೇರ್ ಆಯಿಲ್ ಬೇಕಾದ ಕಡೆ ಜಿಎಲ್-5 ಸುರಿಯೋದು. ಅಂಗಡಿಯವರು "ಐದು ನಾಲ್ಕಕ್ಕಿಂತ ಮೇಲಿನದ್ದು" ಅಂತ ಕೊಡ್ತಾರೆ. ಅದು ಮುಖ್ಯವಾಗಿ ಡಿಫರೆನ್ಷಿಯಲ್‌ಗಳಿಗೆ ಮಾಡಿದ್ದು, ಗಂಧಕದ ಅಡಿಟಿವ್ ಜಾಸ್ತಿ, ಕೆಲವು ಜಿಎಲ್-5 ಆಯಿಲ್‌ಗಳು ಹಿತ್ತಾಳೆ ರಿಂಗನ್ನ ಕಾಲಕ್ರಮೇಣ ತಿಂದುಹಾಕತ್ತೆ. ನಿಮ್ಮ ಮ್ಯಾನ್ಯುಯಲ್‌ನಲ್ಲಿ ಏನಿದೆಯೋ ಅದೇ ಗ್ರೇಡು, 75ಡಬ್ಲ್ಯೂ-80 ಅಂದ್ರೆ ಅದೇ, 75ಡಬ್ಲ್ಯೂ-90 ಅಂದ್ರೆ ಅದೇ. ಮೇಲಿಂದ ಸುರಿಯೋ ಮ್ಯಾಜಿಕ್ ಅಡಿಟಿವ್ ಬಾಟಲಿಗಳಿಗೆ ದುಡ್ಡು ಹಾಕ್ಬೇಡಿ.

ನಿಮ್ಮ ಮಾವನವರ ಮಾತಲ್ಲಿ ಅರ್ಧ ಸತ್ಯ ಇದೆ, ಊಟಕ್ಕೆ ಕೂತಾಗ ಹೇಳ್ಬಿಡಿ. ಹಾಫ್ ಕ್ಲಚ್‌ನಿಂದ ನೇರವಾಗಿ ಗೇರ್ ಗಟ್ಟಿ ಆಗಲ್ಲ. ಹಾಫ್ ಕ್ಲಚ್ ಪ್ಲೇಟನ್ನ ಸವೆಸತ್ತೆ, ಸವೆದ ಪ್ಲೇಟಿನ ಲಕ್ಷಣ ಕ್ಲಚ್ ಜಾರೋದು, ಅಂದ್ರೆ ಮೇಲಿನ ಗೇರಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಎಂಜಿನ್ ಕೂಗತ್ತೆ, ಗಾಡಿ ಓಡಲ್ಲ. ನಿಮ್ಮದು ಅದರ ವಿರುದ್ಧ, ಬಿಡ್ಬೇಕಾದಾಗ ಬಿಡ್ತಿಲ್ಲ. ಆದ್ರೆ ಜಾಮ್‌ನಲ್ಲಿ ಗಂಟೆಗಟ್ಟಲೆ ಹಾಫ್ ಕ್ಲಚ್ ಹಿಡಿದ್ರೆ ಬಿಸಿಗೆ ಪ್ಲೇಟ್ ಸೊಟ್ಟ ಆಗ್ಬಹುದು, ಆಗ ಡ್ರ್ಯಾಗ್ ಬರತ್ತೆ. ಸಿಗ್ನಲ್‌ನಲ್ಲಿ ಹತ್ತು ಸೆಕೆಂಡ್‌ಗಿಂತ ಜಾಸ್ತಿ ನಿಲ್ಬೇಕಾದ್ರೆ ನ್ಯೂಟ್ರಲ್ ಮಾಡಿ ಕಾಲು ತೆಗೀರಿ, ಬೇರಿಂಗ್‌ಗೂ ವಿಶ್ರಾಂತಿ, ನಿಮ್ಮ ಮಂಡಿಗೂ.

ಒಂದು ವಿಷಯ ತೊಂದ್ರೆನೇ ಅಲ್ಲ, ಅದನ್ನೂ ಹೇಳ್ಬಿಡ್ತೀನಿ: ಗಾಡಿ ನಿಂತಿರೋವಾಗ ಎಂಥಾ ಹೊಸ ಗಾಡೀಲೂ ಆಗೊಮ್ಮೆ ಈಗೊಮ್ಮೆ ಫಸ್ಟ್ ಬೀಳಲ್ಲ, ಹಲ್ಲಿನ ತುದಿಗೆ ಹಲ್ಲಿನ ತುದಿ ಎದುರಾಗಿ ನಿಂತಿರತ್ತೆ. ನ್ಯೂಟ್ರಲ್‌ಗೆ ತಂದು ಕ್ಲಚ್ ಒಂದ್ಸಲ ಬಿಟ್ಟು ಮತ್ತೆ ಒತ್ತಿದ್ರೆ ಬೀಳತ್ತೆ. ರಿವರ್ಸ್‌ಗೆ ಕ್ಲಚ್ ಒತ್ತಿ ಮೂರು ಸೆಕೆಂಡ್ ಕಾದು ಹಾಕಿ, ಇಲ್ಲಾ ಮೊದಲು ಫಸ್ಟಿಗೆ ಹಾಕಿ ಅಲ್ಲಿಂದ ರಿವರ್ಸ್‌ಗೆ ಹೋಗಿ. ಹೀಗೆ ಮಾಡಿದ್ರೂ ಕರ್ರ್ ಅಂದ್ರೆ ಮಾತ್ರ ಲೆಕ್ಕಕ್ಕೆ ತಗೊಳ್ಳಿ. ಯಾವ ಕಾರಣಕ್ಕೂ ಬಲ ಹಾಕಿ ತಳ್ಳಬೇಡಿ. ಈಗ ಕ್ಲಚ್ ತೊಂದ್ರೆ ಇದ್ದಿದ್ದು, ತಳ್ಳಿ ತಳ್ಳಿ ಸಿಂಕ್ರೊನೂ ಸವೆಸಿ, ಗೇರ್ ತಳ್ಳೋ ಫೋರ್ಕ್ ಬಗ್ಗಿಸಿ, ಕೊನೆಗೆ ಆ 42 ಸಾವಿರದ ಎಸ್ಟಿಮೇಟನ್ನ ನೀವೇ ನಿಜ ಮಾಡಿದ ಹಾಗಾಗತ್ತೆ.

ಮೇ ತಿಂಗಳ ಪ್ರಯಾಣ. ಕ್ಲಚ್ ಲೈನ್ ಸರಿ ಮಾಡಿಸಿ, ಆಯಿಲ್ ನೋಡಿಸಿ, ಎರಡು ವಾರ ಜಾಮ್‌ನಲ್ಲೇ ಓಡಿಸಿ ತೊಂದ್ರೆ ಬರ್ಲಿಲ್ಲ ಅಂದ್ರೆ ಧೈರ್ಯವಾಗಿ ಹೋಗಿ. ಹಾಗಾಗಿ ಹೊರಡೋ ಹಿಂದಿನ ದಿನ ಮಾಡಿಸ್ಬೇಡಿ, ಏಪ್ರಿಲ್ ಮೊದಲ ವಾರವೇ ಮಾಡಿಸಿ. ಏನೂ ಮಾಡಿಸ್ದೇ ಈಗಿರೋ ಹಾಗೇ ಹೋಗೋದು ಬೇಡ ಅಂತೀನಿ. ಹೈವೇಲಿ ಏನೂ ಗೊತ್ತಾಗಲ್ಲ, ಗೇರ್ ಹಾಕೋದೇ ಕಮ್ಮಿ. ಖಂಬಾಟ್ಕಿ ಘಾಟಿಲಿ ಲಾರಿ ಸಾಲಿನ ಹಿಂದೆ, ಇಲ್ಲಾ ಅಂಬೋಲಿ ಇಳಿಯೋವಾಗ ಮೂರರಿಂದ ಎರಡಕ್ಕೆ ಬರೋಕೆ ಹೋಗಿ ಗೇರ್ ಬೀಳ್ದೇ, ನ್ಯೂಟ್ರಲ್‌ನಲ್ಲಿ ಇಳಿಜಾರಲ್ಲಿ ಹರಿಯೋದೇ ಅಪಾಯ, ಎಂಜಿನ್ ಹಿಡಿತ ಇಲ್ಲ, ಭಾರ ಎಲ್ಲಾ ಬ್ರೇಕ್ ಮೇಲೆ. ಸರಿ ಮಾಡಿಸಿದ್ಮೇಲೂ ಘಾಟಿ ಶುರುವಾಗೋ ಮೊದಲೇ ಗೇರ್ ಇಳಿಸ್ಕೊಂಡು ಇಳಿಯಿರಿ, ತಿರುವಿನ ಮಧ್ಯೆ ಬೇಡ. ಇನ್ನೊಂದು, ಫ್ಲೂಯಿಡ್ ಡಬ್ಬಿ ಬ್ರೇಕ್‌ಗೂ ಕ್ಲಚ್ಚಿಗೂ ಒಂದೇ ಅಂದ್ನಲ್ಲ, ಕ್ಲಚ್ ಪೈಪ್ ಮೇಲಿನ ಮಟ್ಟದಲ್ಲಿ ಇರೋದ್ರಿಂದ ಕ್ಲಚ್ ಸೋರಿದ್ರೂ ಬ್ರೇಕ್‌ಗೆ ಸ್ವಲ್ಪ ಉಳಿಯೋ ಹಾಗೆ ಮಾಡಿರ್ತಾರೆ, ಆದ್ರೂ ಲೆವೆಲ್ ಇಳೀತಿರೋ ಗಾಡೀಲಿ ಘಾಟಿ ಇಳಿಯೋದಕ್ಕೆ ನಾನು ನನ್ನ ಮನೆಯವರನ್ನ ಕಳ್ಸಲ್ಲ.

ದಾರೀಲಿ ಕ್ಲಚ್ ಪೂರ್ತಿ ಕೈ ಕೊಟ್ಟು ಪೆಡಲ್ ನೆಲಕ್ಕೆ ಬಿದ್ದು ಅಲ್ಲೇ ಉಳೀತು ಅಂದ್ರೆ, ಹಝಾರ್ಡ್ ಲೈಟ್ ಹಾಕಿ. ಗಾಡಿ ರಸ್ತೆ ಮಧ್ಯೆ ನಿಂತಿದ್ರೆ ಎಂಜಿನ್ ಆಫ್ ಮಾಡಿ, ಫಸ್ಟ್ ಹಾಕಿ, ಮುಂದೆ ಯಾರೂ ಇಲ್ಲ ಅಂತ ನೋಡ್ಕೊಂಡು ಕೀ ತಿರುಗ್ಸಿ, ಗಾಡಿ ಕುಕ್ಕುತ್ತಾ ಮುಂದೆ ಹೋಗತ್ತೆ, ರಸ್ತೆ ಬದಿಗೆ ಬರೋಕೆ ಅಷ್ಟು ಸಾಕು. ಇದನ್ನ ಸಮತಟ್ಟಾದ ಕಡೆ ಮಾತ್ರ ಮಾಡಿ, ಅಲ್ಲಿಂದ ಟೋ. ಇನ್ಶೂರೆನ್ಸ್‌ನಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಇದ್ಯಾ ಅಂತ ಈಗ್ಲೇ ಪಾಲಿಸಿ ತೆಗೆದು ನೋಡಿ, ನಂಬರ್ ಮೊಬೈಲಲ್ಲಿ ಸೇವ್ ಮಾಡ್ಕೊಳ್ಳಿ, ಅಂಬೋಲಿ ಕಡೆ ನೆಟ್‌ವರ್ಕ್ ನಂಬೋ ಹಾಗಿಲ್ಲ.

ಮ್ಯಾಟ್ ತೆಗೆದು, ಪೆಡಲ್ ಪಂಪ್ ಮಾಡಿ, ಅರ್ಧ ನಿಮಿಷದ ಟೆಸ್ಟ್ ಮಾಡಿ ಏನಾಯ್ತು ಅಂತ ಬರೀರಿ, ಡ್ರೈನ್ ಬೋಲ್ಟಿನ ಫೋಟೋ ಇದ್ರೆ ಅದನ್ನೂ ಕಳ್ಸಿ. ಮಾಸ್ಟರ್, ಸ್ಲೇವ್ ಎರಡೂ ಹೊಸದು ಹಾಕಿದ್ಮೇಲೂ ಬಿಸೀಲಿ ರಿವರ್ಸ್ ಕರ್ರ್ ಅಂದ್ರೆ ಗೇರ್‌ಬಾಕ್ಸ್ ಇಳಿಸೋಕೆ ಒಪ್ಕೊಳ್ಳಿ, ಬಿಚ್ಚೋಕೆ ಮಾತ್ರ ಹಳೇ ಕ್ಲಚ್ ಪ್ಲೇಟನ್ನ ಕಣ್ಣಾರೆ ನೋಡೋ ತನಕ ಒಪ್ಕೊಳ್ಬೇಡಿ.